ಕೆಂಪಮ್ಮ ಕೇಳಿಸಿದ ಪ್ರಶ್ನೆ

ಕೆಂಪಮ್ಮನ ಬೆರಳುಗಳಲ್ಲಿ ಗೆರೆಗಳೇ ಇರಲಿಲ್ಲ. ರಾಮನಗರದ ನಮ್ಮ ಬೀದಿಯಲ್ಲಿ ಮೂವತ್ತು ವರ್ಷ ಬಿಸಿನೀರಿನಲ್ಲಿ ಕೈಯಾಡಿಸಿ ಗೂಡಿನಿಂದ ರೇಷ್ಮೆ ನೂಲು ತೆಗೆದವರು. ರೇಷನ್ ಅಂಗಡಿಯ ಯಂತ್ರ ಅವರ ಹೆಬ್ಬೆಟ್ಟನ್ನು ಗುರುತಿಸುತ್ತಿರಲಿಲ್ಲ. "ನಾನ್ಯಾರು ಅಂತ ನಂಗ್ ಗೊತ್ತು. ಅದಕ್ ಗೊತ್ತಿಲ್ದಿದ್ರೆ ಕತ್ತೆ ಬಾಲ!" ಎಂದು ನಗುತ್ತಿದ್ದರು.

ನನ್ನ ಮಗಳು ಸಿಂಚನಾ ಮೈಸೂರಿನ ಕಾಲೇಜಿಗೆ ಹೊರಟಿದ್ದಳು. ದುಡ್ಡನ್ನು ಹೇಗೆ ನಿಭಾಯಿಸುತ್ತಾಳೋ ಎಂದು ನನಗೆ ದಿಗಿಲು. ಕೆಂಪಮ್ಮ ಅವಳನ್ನು ಗೂಡಿನ ಮಾರುಕಟ್ಟೆಗೆ ಕರೆದೊಯ್ದು, ತಮ್ಮ ದುಡ್ಡಿನಲ್ಲೇ ಒಂದು ಲಾಟು, ಅಂದರೆ ಒಂದು ರಾಶಿ ಗೂಡು, ಕೊಳ್ಳಲು ಹೇಳಿದರು. ಮೇಲಿದ್ದ ಬಿಳಿ ಗೂಡುಗಳಿಗೆ ಮರುಳಾದ ಹುಡುಗಿ ಅಡಿಗೆ ಕೈ ಹಾಕಿ ನೋಡಲಿಲ್ಲ. ಅಡಿಯಲ್ಲಿದ್ದುದೆಲ್ಲ ಕಲೆಯಾದ, ಮೆತ್ತಗಿನ ಗೂಡು.

"ಗೊತ್ತಿದ್ದೂ ಮೊದ್ಲೇ ಯಾಕೆ ಹೇಳ್ಲಿಲ್ಲ ದೊಡ್ಡಮ್ಮ?" ಎಂದು ಅತ್ತಳು.

"ಹೇಳಿದ್ರೆ ಅದು ನನ್ ಬುದ್ಧಿ ಆಗೋದು ಕಣ್ ಮಗ. ನಷ್ಟ ನಂಗಿರ್ಲಿ, ಬುದ್ಧಿ ನೀನಿಟ್ಕೋ."

ಹೊರಡಲು ಒಂದು ವಾರವಿದ್ದಾಗ, ಕೆಂಪಮ್ಮನ ನೂಲು ತೆಗೆಯುವ ಶೆಡ್ಡಿನಲ್ಲಿ ನಾವು ಕೂತಿದ್ದಂತೆ ಸಿಂಚನಾಗೆ ಫೋನು ಬಂತು. ಕಾಲೇಜಿನ ಸೀನಿಯರ್ ಅಂತೆ. ಅವಳ ಖಾತೆಗೆ ಯಾರಿಂದಲೋ ನಲವತ್ತು ಸಾವಿರ ಹಾಕಿಸುತ್ತಾನಂತೆ. ಎರಡು ಸಾವಿರ ಇಟ್ಟುಕೊಂಡು ಉಳಿದದ್ದನ್ನು ಇನ್ನೊಬ್ಬರಿಗೆ ಕಳಿಸಬೇಕಂತೆ. ಎಂ.ಕಾಂ. ಓದಿ ಬಿಡದಿಯ ಕಾರ್ಖಾನೆಯಲ್ಲಿ ಲೆಕ್ಕ ನೋಡುವ ನಾನೇ, "ಪಾಪ, ಸಹಾಯ ಮಾಡು" ಎಂದುಬಿಟ್ಟೆ. ಅವಳು ಖಾತೆ ಸಂಖ್ಯೆ ಹೇಳತೊಡಗಿದಳು.

"ಒಸಿ ತಡಿ ಮಗ," ಎಂದರು ಕೆಂಪಮ್ಮ. "ಅವನ್ ಖಾತೆಗೇನಾಗೈತೆ, ಕೇಳು."

ಆಗ ನನಗೆ ಹೊಳೆಯಿತು, ಇದು ಮೋಸದ ದುಡ್ಡು ದಾಟಿಸುವ ದಾರಿ. ಫೋನು ಕಿತ್ತುಕೊಳ್ಳಲು ಹೋದೆ. ಕೆಂಪಮ್ಮ ಒದ್ದೆ ಕೈಯಲ್ಲೇ ನನ್ನ ಮಣಿಕಟ್ಟು ಹಿಡಿದರು. "ಬುಡಪ್ಪ, ಅವ್ಳೇ ಕೇಳ್ಲಿ. ನಾಳೆ ಮೈಸೂರ್ಗೋಗಿ ನೀನೂ ಪಕ್ಕದಲ್ಲಿ ಕುಂತ್ಕತೀಯಾ?"

ಅವಳು ಕೇಳಿದಳು. ತನ್ನ ಖಾತೆಯ ಲಿಮಿಟ್ ಮುಗಿದಿದೆ ಎಂದ. ಸಿಂಚನಾ ಕೆಂಪಮ್ಮನ ಮುಖ ನೋಡಿದಳು. ಅವರು ಬಿಸಿನೀರಿಗೆ ಕೈಯಿಳಿಸಿ ನೂಲಿನ ಎಳೆ ಹುಡುಕತೊಡಗಿದರು.

"ಹಾಗಾದ್ರೆ ನಿಮ್ಮಮ್ಮನ ಖಾತೆಗೆ ಹಾಕಿಸ್ಕೊಳ್ಳಿ ಅಣ್ಣಾ."

ಫೋನು ಕಟ್ಟಾಯಿತು.

ತಿಂಗಳೊಳಗೆ ಚನ್ನಪಟ್ಟಣದ ಇನ್ನೊಬ್ಬ ಹುಡುಗಿಯ ಮನೆಗೆ ಪೊಲೀಸರು ಬಂದರು. ಯಾರನ್ನೋ ವಂಚಿಸಿದ ದುಡ್ಡು ಅವಳ ಖಾತೆಯಿಂದ ದಾಟಿತ್ತು. ಖಾತೆಯನ್ನು ತಡೆಹಿಡಿದಾಗ ಅವಳ ಕಾಲೇಜು ಫೀಸೂ ಅದರಲ್ಲೇ ಸಿಕ್ಕಿಬಿತ್ತು. ಆವತ್ತು ಕೆಂಪಮ್ಮ ತಡೆಯುವಷ್ಟರಲ್ಲಿ ಸಿಂಚನಾ ಹೇಳಿಬಿಟ್ಟಿದ್ದ ಐದು ಅಂಕಿಗಳು ಈಗಲೂ ನನ್ನ ಕಿವಿಯಲ್ಲಿ ಕೇಳುತ್ತವೆ.

ಉಸಿರಾಟದ ತೊಂದರೆಯಾಗಿ ಕೆಂಪಮ್ಮ ಕುದೂರಿನ ತಂಗಿಯ ಮನೆ ಸೇರಿದರು. ಈ ಕಾರ್ತಿಕದಲ್ಲಿ ಅಲ್ಲೇ ತೀರಿಕೊಂಡರು. ನಾನು ಮಾಗಡಿಯಲ್ಲಿ ಬಸ್ಸಿಗೆ ಕಾದು, ತಲುಪುವ ಹೊತ್ತಿಗೆ ಮಣ್ಣು ಮಾಡಿ ಜನ ಹಿಂದಿರುಗುತ್ತಿದ್ದರು. ಅವರ ನಡುವೆ ಮೈಸೂರಿನಿಂದ ಬಂದಿದ್ದ ಸಿಂಚನಾ.

"ಮುಖ ನೋಡೋಕ್ ಸಿಕ್ತೇನೇ?"

"ಸಿಕ್ತು ಅಪ್ಪ. ಬಸ್ಸಿಗೆ ಕಾದ್ರೆ ಆಗಲ್ಲ ಅನ್ನಿಸ್ತು, ಮಾಗಡಿಯಿಂದ ಕಾರು ಮಾಡ್ಕೊಂಡ್ ಬಂದೆ. ಇಂಥದಕ್ಕೇಂತ ಒಂದಿಷ್ಟು ಎತ್ತಿಟ್ಟಿದ್ದೆ."