ಸ್ವಿಚ್ಚಿನ ಕಡೆ ನೋಡಿದ ದೊಡ್ಡಪ್ಪ

ನನ್ನ ಅಕ್ಷರ ಓರೆಕೋರೆ, ಮಾತು ಎಲ್ಲಾದರೂ ತಪ್ಪಿದ್ದರೆ ಕ್ಷಮಿಸಿ. ಒಂಬತ್ತನೇ ತರಗತಿಗೆ ಬಿಟ್ಟ ಶಾಲೆಯಲ್ಲಿ ಕಲಿತದ್ದು ತೆಲುಗು. ತನ್ನ ಮಗನಿಗೂ ನನಗೂ ಕನ್ನಡ ಓದಲು, ಬರೆಯಲು ಕಲಿಸಿದವನು ದೊಡ್ಡಪ್ಪ ಶಂಕ್ರೆಪ್ಪ. ಅವನ ವಿಷಯವನ್ನೇ ಬರೆಯುತ್ತಿದ್ದೇನೆ.

ನಮ್ಮೂರು ಪೆದ್ದೆಮುಲ್‌ನಲ್ಲಿ ನಾವು ಒಂದೇ ಮನೆಯವರು. ಹತ್ತಿರದ ತಾಂಡೂರಿನಲ್ಲಿ ಕಲ್ಲು ಕೊಯ್ಯುವ ಮಷಿನ್ ಮೇಲೆ ಕೆಲಸ ಮಾಡುವಾಗ ದೊಡ್ಡಪ್ಪನ ಎಡಗೈಯ ಎರಡು ಬೆರಳು ಹೋದವು. ಅದನ್ನು ಅವನು ಮುಚ್ಚಿಟ್ಟವನಲ್ಲ. ಓಣಿಯ ಹುಡುಗರು ಕೇಳಿದರೆ, "ಮಷಿನ್‌ಗೆ ಹಸಿವಾಗಿತ್ತಲೇ, ಎರಡು ಬಳ್ಳು ಕೊಟ್ಟು ಬಂದೀನಿ" ಎನ್ನುತ್ತಿದ್ದ. ದಿನಾ ಸ್ನಾನ ಮಾಡಿ ಆ ಅಂಗೈಯಲ್ಲೇ ಇಷ್ಟಲಿಂಗ ಇಟ್ಟುಕೊಂಡು ಪೂಜೆಗೆ ಕೂಡುತ್ತಿದ್ದ. ಅದಾಗದೆ ಚಹಾ ಸಹ ಕುಡಿಯುವುದಿಲ್ಲ.

ಅವನ ಮಗ ಪ್ರವೀಣಣ್ಣ ಈಗ ತಾಂಡೂರಿನಲ್ಲೇ ಇದ್ದು ಯೂಟ್ಯೂಬ್‌ಗೆ ದೆವ್ವದ ಸಿನಿಮಾ ಮಾಡುತ್ತಿದ್ದಾನೆ. ಹೋದ ವಾರ ತಾಂಡೂರಿನ ಒಂದು ಮುಚ್ಚಿದ ಶೆಡ್ಡಿನಲ್ಲಿ ಶೂಟಿಂಗ್ ಇತ್ತು. ದೆವ್ವ ಮಷಿನ್ ಶುರು ಮಾಡಿ ಕೆಲಸಗಾರನ ಕೈ ಕತ್ತರಿಸುವ ಸೀನು. ಕೆಲಸಗಾರ ದೊಡ್ಡಪ್ಪ. ನಾನು ಟವೆಲ್ ಹಿಡಿದು ನಿಂತಿದ್ದೆ.

ಮೊದಲ ಸಲ ತೆಗೆದಾಗ ರಕ್ತ ಇರಲಿಲ್ಲ. ದೊಡ್ಡಪ್ಪ ಮಷಿನ್ ಹತ್ತಿರ ಬಂದ. ಕೈ ಚಾಚುವ ಮೊದಲು ತಿರುಗಿ ಗೋಡೆಯ ಸ್ವಿಚ್ ನೋಡಿದ. ಅದು ಬಂದ್ ಆಗಿತ್ತು. ಮತ್ತೊಮ್ಮೆ ನೋಡಿದ. ಹಾಗೆ ನೋಡು ಎಂದು ಯಾರೂ ಹೇಳಿರಲಿಲ್ಲ. ಎಲ್ಲರೂ ಅವನ ಹಿಂದೆಯೇ ತಿರುಗಿ ಸ್ವಿಚ್ ನೋಡಿದರು.

"ಇದರಾಗ ಏನೂ ಆಗವಲ್ದು. ಮಂದಿಗೆ ರಕ್ತ ಬೇಕು" ಎಂದ ಪ್ರವೀಣಣ್ಣ.

ಬೆಲ್ಲದ ಪಾಕಕ್ಕೆ ಹೋಳಿಯ ಕೆಂಪು ಬಣ್ಣ ಕಲಸಿ ಬೆರಳಿನ ಮೊಂಡುಗಳ ಮೇಲೆ ಸುರಿದರು. ಕ್ಯಾಮೆರಾ ಕೈಗೆ ಅಂಟುವಷ್ಟು ಹತ್ತಿರ ಬಂತು.

"ಕಾಕಾ, ರೊಟ್ಟಿ ತರ್ಲೇನ್ರಿ, ಹಚ್ಕೊಂಡು ತಿನ್ನಾಕ?" ಎಂದ ಅಣ್ಣನ ಗೆಳೆಯ ಸಂಗು. ಎಲ್ಲರೂ ನಕ್ಕರು. ದೊಡ್ಡಪ್ಪನೂ ನಕ್ಕ, ಆದರೆ ಕೈ ನೋಡಿಕೊಳ್ಳಲಿಲ್ಲ.

ಬಣ್ಣ ಹಳೇ ಗಾಯದ ಗೆರೆಗಳಲ್ಲಿ ಉಳಿಯಿತು. ಎಷ್ಟು ತಿಕ್ಕಿದರೂ ಹೋಗಲಿಲ್ಲ. ಮರುದಿನ ಲಿಂಗವನ್ನು ಬಲಗೈಯಲ್ಲಿ ಹಿಡಿದು ಕೂತ. ಎಡಗೈ ಧೋತರದ ಮಡಿಕೆಯೊಳಗಿತ್ತು. ಹೂ ಏರಿಸಲು ಕೈಯಿಲ್ಲದೆ ನನ್ನನ್ನು ಕರೆದ.

"ಯಾಕ ದೊಡ್ಡಪ್ಪಾ?"

"ಈ ಕೈ ನೋಡಿದ್ರ ಬಳ್ಳು ಹೋದ ದಿನದ ರಕ್ತನೇ ಕಾಣ್ತದವ್ವಾ."

ಬಣ್ಣ ಈಗ ಹೋಗಿದೆ. ಕೈ ಇನ್ನೂ ಹೊರಗೆ ಬಂದಿಲ್ಲ. ಹೂ ನಾನೇ ಏರಿಸುತ್ತೇನೆ.

ರಕ್ತ ತೋರಿಸಿದ ಸಿನಿಮಾ ಎಲ್ಲಾ ಕೆಟ್ಟದ್ದು ಎನ್ನಲಾರೆ. ಅಂಥವನ್ನು ನಾನೂ ನೋಡಿದ್ದೇನೆ, ಕೆಲವಕ್ಕೆ ನಿಜವಾಗಿ ಹೆದರಿದ್ದೇನೆ. ಆದರೆ ಇಲ್ಲಿ ರಕ್ತ ಸುರಿದ ಮೇಲೆ ದೊಡ್ಡಪ್ಪ ಕಾಣಲಿಲ್ಲ, ಕೈ ಅಷ್ಟೇ ಕಂಡಿತು. ನೋಡಿದವರಿಗೆ ನಗೆ ಬಂತು. ಅವನು ಸ್ವಿಚ್ ನೋಡಿದಾಗ ಯಾರೂ ನಕ್ಕಿರಲಿಲ್ಲ.

ಶುಕ್ರವಾರ ಸಿನಿಮಾ ಹಾಕುತ್ತಾರಂತೆ. "ಹುಡುಗ ಕಷ್ಟ ಪಟ್ಟಾನ, ಇರ್ಲಿ ಬಿಡು" ಎನ್ನುತ್ತಾನೆ ದೊಡ್ಡಪ್ಪ. ಆ ಕೈಯನ್ನು ತಾಂಡೂರೆಲ್ಲ ನೋಡಿ ನಕ್ಕರೆ ಅವನು ಅದನ್ನು ಮತ್ತೆ ಹೊರಗೆ ತೆಗೆಯಲಾರ ಎಂದು ನನಗೆ ಭಯ. ಅಣ್ಣನ ಎದುರು ಬಾಯಿ ಬಿಟ್ಟು ಹೇಳಲು ನನಗಾಗುವುದಿಲ್ಲ.

ಮೊದಲ ಸಲ ತೆಗೆದದ್ದನ್ನೇ ಇಡು ಎಂದು ಕೆಳಗೆ ಬರೆದು, ನಾಳೆ ಬೆಳಿಗ್ಗೆ ಆಟೋ ಹತ್ತಿ ತಾಂಡೂರಿಗೆ ಹೋಗಿ, ಈ ಹಾಳೆಗಳನ್ನು ಪ್ರವೀಣಣ್ಣನ ಕೈಗೆ ಕೊಟ್ಟು, ಅವನು ಓದಿ ಮುಗಿಸುವವರೆಗೆ ಅಲ್ಲೇ ನಿಲ್ಲುತ್ತೇನೆ.