ಮೊಳೆಗೆ ತೂಗುಬಿದ್ದ ಮುಂದಿನ ವರ್ಷ

ನಮ್ಮ ಅಡುಗೆಮನೆಯ ಬಾಗಿಲ ಪಕ್ಕದ ಗೋಡೆಯಲ್ಲಿ ಒಂದು ಮೊಳೆಯಿದೆ. ಅದು ನನಗಿಂತ ಹೆಚ್ಚು ಭಾರ ಹೊತ್ತಿದೆ ಎಂದರೆ ನೀವು ನಗಬಾರದು. ಹಲವು ವರ್ಷಗಳು ಅದರ ಮೇಲೆ ಒಂದರ ಬೆನ್ನಿಗೊಂದು ನೇತಾಡುತ್ತಿವೆ. ಹೊಸ ಕ್ಯಾಲೆಂಡರು ಬಂತೆಂದು ಹಳೆಯದನ್ನು ತೆಗೆಯುವ ಪದ್ಧತಿ ನಮ್ಮಲ್ಲಿಲ್ಲ. ನಾವು ಮೂಲತಃ ಬನಹಟ್ಟಿಯ ನೇಕಾರರು. ಮಗ್ಗದ ಮೇಲಿನ ಉದ್ದೆಳೆಗಳ ಹಾಸು ಮುಗಿಯುತ್ತ ಬಂದಾಗ ಅದನ್ನು ಪೂರ್ತಿ ಕಿತ್ತು ಮಗ್ಗವನ್ನು ಬರಿದು ಮಾಡುವುದಿಲ್ಲ. ಹಳೆಯ ಹಾಸಿನ ತುದಿಯ ಒಂದೊಂದು ಎಳೆಗೂ ಹೊಸ ಹಾಸಿನ ಒಂದೊಂದು ಎಳೆಯನ್ನು ಹೊಸೆದು ಕೂಡಿಸಿ ಮುಂದಕ್ಕೆಳೆಯುತ್ತೇವೆ. ಬರಿ ಮಗ್ಗ ಮನೆಗೆ ಆಗಿಬರುವುದಿಲ್ಲವೆಂಬ ಈ ನ್ಯಾಯವನ್ನು ನಮ್ಮ ಅವ್ವ ಬರಿ ಗೋಡೆಗೂ ಅನ್ವಯಿಸಿದ್ದಳು. ನಾನು ಮಗ್ಗ ಬಿಟ್ಟು ಹೈಸ್ಕೂಲಿನಲ್ಲಿ ಸಮಾಜವಿಜ್ಞಾನದ ಮಾಸ್ತರನಾದೆ. ಮೊಳೆಯ ಪದ್ಧತಿಯನ್ನು ಮಾತ್ರ ಬಿಡಲಿಲ್ಲ.

ಅದಕ್ಕೆ ನಾನು ಸೇರಿಸಿದ ಹೊಸತೆಂದರೆ ದಾರ ಕಟ್ಟಿದ ಒಂದು ಪೆನ್ಸಿಲ್ಲು. ವರ್ಷ ಮುಗಿಯುವ ಹೊತ್ತಿಗೆ ಪತ್ರಿಕೆಗಳು ‘ಬರುವ ವರ್ಷ ಏನೇನು ಕಾದಿದೆ’ ಎಂದು ಪುಟಗಟ್ಟಲೆ ಬರೆಯುತ್ತವಲ್ಲ, ರಾಶಿಭವಿಷ್ಯವನ್ನು ನಂಬದ ವಿಚಾರವಂತನಾದ ನಾನು ಅದನ್ನು ಮಾತ್ರ ಪಂಚಾಂಗಕ್ಕಿಂತ ಭಕ್ತಿಯಿಂದ ಓದುತ್ತೇನೆ. ಯಾವ ದೇಶದಲ್ಲಿ ಯಾವಾಗ ಚುನಾವಣೆ, ಯಾವ ಇಬ್ಬರು ನಾಯಕರು ಯಾವ ಊರಲ್ಲಿ ಕೈಕುಲುಕಲಿದ್ದಾರೆ, ವಿಶ್ವಕಪ್ಪು ಎಂದು ಶುರು, ಗ್ರಹಣ ಎಲ್ಲಿ ಕಾಣುತ್ತದೆ, ಎಲ್ಲವನ್ನೂ ಕ್ಯಾಲೆಂಡರಿನ ಮೇಲೆ ಗುರುತು ಹಾಕಿಕೊಳ್ಳುತ್ತೇನೆ. ಭೂಪಟದಲ್ಲಿ ಹುಡುಕಿದರೂ ಸಿಗದ ಒಂದು ದ್ವೀಪದ ಮತ ಎಣಿಕೆಗಾಗಿ ನಾನು ಊಟ ಬಿಟ್ಟದ್ದುಂಟು. ಆ ದ್ವೀಪಕ್ಕೆ ನನ್ನ ಉಪವಾಸದಿಂದ ಏನಾಯಿತೋ ತಿಳಿಯದು, ನನಗೆ ಪಿತ್ತವಾಯಿತು.

ಈ ಸಲದ ಚಿಂತೆಗೆ ಕಾರಣ ಹತ್ತಿರದ್ದೇ ಇತ್ತು. ನಮ್ಮ ಮಗಳು ದಾನೇಶ್ವರಿಯ ಮದುವೆ ಗೊತ್ತಾಗಿತ್ತು. ಮಹಾಲಿಂಗಪುರದ ಬೆಲ್ಲದ ವ್ಯಾಪಾರಿ ಗುರುಪಾದಪ್ಪನವರ ಮಗ, ಮುಧೋಳದ ಕಡೆಯ ಸಕ್ಕರೆ ಕಾರ್ಖಾನೆಯೊಂದರಲ್ಲಿ ಕೆಮಿಸ್ಟು. ಕಬ್ಬು ಅರೆಯುವ ಹಂಗಾಮು ಮುಗಿಯದೆ ಅವನಿಗೆ ರಜೆಯಿಲ್ಲವಾದ್ದರಿಂದ ವೈಶಾಖದಲ್ಲಿ ಮುಹೂರ್ತ ಹಿಡಿದು, ಜಮಖಂಡಿಯಲ್ಲಿ ಕಲ್ಯಾಣಮಂಟಪವನ್ನೂ ಗೊತ್ತುಮಾಡಿದ್ದೆವು. ಹುಡುಗ ಹುಡುಗಿ ಒಬ್ಬರನ್ನೊಬ್ಬರು ಮೆಚ್ಚಿದ್ದರು. ನಿಶ್ಚಿಂತೆಯಿಂದಿರಲು ಬೇಕಾದುದೆಲ್ಲ ಒದಗಿದಾಗಲೇ ನನ್ನಂಥವನಿಗೆ ನಿಜವಾದ ಭಯ ಹುಟ್ಟುತ್ತದೆ.

ಪತ್ರಿಕೆಯಲ್ಲಿ ಓದಿದೆ: ಪಂಚಾಯತಿ ಚುನಾವಣೆ ಬರಬಹುದು, ದಿನಾಂಕ ಗೊತ್ತಿಲ್ಲ. ಗೊತ್ತಿಲ್ಲದ ದಿನಾಂಕಕ್ಕಿಂತ ಭಯಂಕರವಾದುದು ಯಾವುದಿದೆ ಹೇಳಿ? ಅದು ಎಲ್ಲ ದಿನಗಳ ಮೇಲೂ ಕೂತಿರುತ್ತದೆ. ಚುನಾವಣೆಯೆಂದರೆ ಮಾಸ್ತರರಿಗೆ ಮತಗಟ್ಟೆಯ ಕೆಲಸ. ಜಮಖಂಡಿಯಲ್ಲಿ ಮಗಳ ತಲೆಯ ಮೇಲೆ ಅಕ್ಷತೆ ಬೀಳುವ ಹೊತ್ತಿಗೆ ನಾನು ಬೀಳಗಿಯ ಕಡೆಯ ಯಾವುದೋ ಶಾಲೆಯಲ್ಲಿ ಕೂತು ಪರರ ಬೆರಳಿಗೆ ಶಾಯಿ ಹಚ್ಚುತ್ತಿರುವ ಚಿತ್ರ ಕಣ್ಣಿಗೆ ಕಟ್ಟಿತು. ಬಸ್ಸುಗಳೆಲ್ಲ ಚುನಾವಣೆಗೆ ಹೋದವು, ಮಂಟಪ ತರಬೇತಿ ಕೇಂದ್ರವಾಯಿತು, ಅಷ್ಟರಲ್ಲಿ ದೂರದ ಸಮುದ್ರದಲ್ಲಿ ಹಡಗು ನಿಂತು ಬಂಗಾರದ ಬೆಲೆ ಮುಗಿಲಿಗೇರಿತು. ಇವೆಲ್ಲ ನನ್ನ ತಲೆಯೊಳಗೆ ಒಂದೇ ಮಧ್ಯಾಹ್ನ ನಡೆದುಹೋದವು. ಸಂಜೆ ಬೀಗರಿಗೆ ಫೋನು ಮಾಡಿದೆ.

“ಬೀಗರ, ಜಗತ್ತಿನ ಪರಿಸ್ಥಿತಿ ಛಲೋ ಇಲ್ರಿ. ಮದುವಿ ಸ್ವಲ್ಪ ಮುಂದ ಹಾಕೋಣೇನ್ರಿ?”

“ಯಾವ ಜಗತ್ತಿಂದ್ರಿ ಮಾಸ್ತರ? ಮಹಾಲಿಂಗಪುರದಾಗ ಎಲ್ಲಾ ಛಲೋನ ಐತೆಲ್ಲ,” ಎಂದರು ಗುರುಪಾದಪ್ಪನವರು. ಆಮೇಲೆ ದನಿ ತಗ್ಗಿಸಿದರು. “ಆತ್ರಿ. ಮನ್ಯಾಗ ವಿಚಾರ ಮಾಡಿ ಹೇಳ್ತೇನ್ರಿ.”

ನಮ್ಮ ಕಡೆ ಸಂಬಂಧದ ಮಾತಿನಲ್ಲಿ ‘ವಿಚಾರ ಮಾಡಿ ಹೇಳ್ತೇನಿ’ ಎಂದರೆ ಬಾಗಿಲು ಹಾಕಿಕೊಂಡಂತೆ. ಫೋನು ಬರಲಿಲ್ಲ. ಹೆಂಡತಿ ಮಹಾನಂದಾಳಿಗೆ ವಿಷಯ ತಿಳಿದಾಗ ಕೈಯಲ್ಲಿದ್ದ ಲಟ್ಟಣಿಗೆಯನ್ನು ಕೆಳಗಿಟ್ಟಳು; ಅದು ಅವಳ ದಯೆ.

“ನಿಮ್ಮ ಜಗತ್ತಿಗೆ ಬೆಂಕಿ ಬೀಳ್ಲಿ! ಮಗಳ ಮದುವಿ ಮುರದ್ರ ಯಾವ ದೇಶದ ಅಧ್ಯಕ್ಷ ಬಂದು ಕೂಡಸ್ತಾನ್ರಿ?”

ಮಗಳು ಬೈಯಲಿಲ್ಲ. ತಾಟು ಮುಂದಿಟ್ಟು, ರೊಟ್ಟಿ ಬಡಿಸಿ, ನನ್ನ ಮುಖ ನೋಡದೆ ಒಳಗೆ ಹೋದಳು. ಜಗತ್ತಿನ ಯಾವ ಸುದ್ದಿಯೂ ನನ್ನನ್ನು ಅಷ್ಟು ಹೆದರಿಸಿರಲಿಲ್ಲ.

ಆ ಭಾನುವಾರ ಎರಡೂ ಮನೆಯವರು ಕೂಡಿ ರಬಕವಿಯಲ್ಲಿ ಮದುವೆಯ ಜವಳಿ ಕೊಳ್ಳುವ ಬಸ್ತಾ ಇತ್ತು. ಯಾರೂ ಬರಲಾರರೆಂದು ನಾವು ಸುಮ್ಮನೆ ಕೂತಿದ್ದಾಗ ಬೀಗರೂ ಬೀಗತಿಯೂ ಬಾಗಿಲಲ್ಲಿ ನಿಂತರು. ಗುರುಪಾದಪ್ಪನವರು ಕೂತರು, ಆದರೆ ಚಹಾ ಮುಟ್ಟಲಿಲ್ಲ.

“ಮಾಸ್ತರ, ಖರೆ ಹೇಳ್ರಿ. ನಮ್ಮ ಹುಡುಗನ ಮ್ಯಾಲೆ ಯಾರರ ಏನರ ಹೇಳ್ಯಾರೇನು? ಜಗತ್ತಿನ ಹೆಸರ ಹೇಳಿ ಸಂಬಂಧ ಬಿಟ್ಟವರನ್ನ ನಾ ಇನ್ನೂ ನೋಡಿಲ್ರಿ.”

ಓಡಿಹೋಗಿ ಸಾಕ್ಷಿಗೆಂದು ಕ್ಯಾಲೆಂಡರನ್ನು ಎಳೆದೆ. ಮೊಳೆ ಕಿತ್ತುಬಂತು, ಅದರೊಂದಿಗೆ ಅಂಗೈಯಗಲದ ಗಾರೆ, ಅದರೊಂದಿಗೆ ನಮ್ಮ ಸಂಸಾರದ ಎಲ್ಲ ವರ್ಷಗಳೂ ದಡಾರನೆ ಕಾಲಮೇಲೆ ಬಿದ್ದವು. ಧೂಳು ಕೊಡವಿ ಮುಂದಿನ ವರ್ಷವನ್ನು ಅವರ ಮಡಿಲಿಗಿಟ್ಟೆ. ಅವರು ಕನ್ನಡಕ ಏರಿಸಿ ಹಾಳೆ ಹಾಳೆ ತಿರುವಿದರು.

“ಇದೇನ್ರಿ?” ಎಂದು ಒಂದು ಪೆನ್ಸಿಲ್ ಗುರುತಿನ ಮೇಲೆ ಬೆರಳಿಟ್ಟರು.

“ಅದು... ದೂರದ ಒಂದು ದೇಶದಾಗ ಎಲೆಕ್ಷನ್ ರೀ.”

“ಅಲ್ಲಿಂದ ಯಾರರ ಮದುವಿಗೆ ಬರಾವ್ರು ಅದಾರೇನ್ರಿ?”

ಮೊದಲು ನಕ್ಕವರು ಬೀಗತಿ. “ನೋಡ್ರಿ ಅಕ್ಕಾರ,” ಎಂದು ಮಹಾನಂದಾಳ ಕೈ ಹಿಡಿದರು, “ಇವರಿಗೂ ಇದ ಬ್ಯಾನಿ! ನಿಮ್ಮ ಫೋನ್ ಬಂದಾಗಿಂದ ನಿದ್ದಿಲ್ಲ. ಹುಡುಗ ಸಕ್ಕರಿ ಫ್ಯಾಕ್ಟರ್ಯಾಗ ಅದಾನ, ಸಕ್ಕರಿ ಬ್ಯಾನಿ ಐತಿ ಅಂತ ಯಾರೋ ಚಾಡಿ ಹೇಳ್ಯಾರ ಅಂದ್ರು. ನಿನ್ನಿ ಎಳಕೊಂಡು ಹೋಗಿ ಅವನ ರಕ್ತಾ ತಪಾಸ ಮಾಡಿಸ್ಯಾರ್ರಿ!”

“ಮತ್ತ... ಏನಂತ ಬಂತ್ರಿ?” ಎಂದು ನಾನು ಕೇಳಿಬಿಟ್ಟೆ. ರೂಢಿ.

“ಛಲೋ ಐತ್ರಿ,” ಎಂದು ಗುರುಪಾದಪ್ಪನವರು ನಾಚಿ ನಕ್ಕು, ಆರಿಹೋದ ಚಹಾವನ್ನು ಒಂದೇ ಗುಟುಕಿಗೆ ಕುಡಿದರು. ಅಷ್ಟು ತಣ್ಣಗಿನ ಚಹಾ ಅಷ್ಟು ಹಿತವಾಗಿ ಇನ್ನೊಬ್ಬರ ಗಂಟಲಲ್ಲಿ ಇಳಿದದ್ದನ್ನು ನಾನು ಕಂಡಿಲ್ಲ.

ಬಾಗಿಲ ಮರೆಯಿಂದ ದಾನೇಶ್ವರಿ ಅಂದಳು: “ಅಪ್ಪಾ, ಅವತ್ತ ಎಲೆಕ್ಷನ್ ಬಂದ್ರ ಬರ್ಲಿ. ಮಂದಿ ಶಾಯಿ ಹಚ್ಚಿದ ಬೆರಳೀಲೆ ಅಕ್ಷತಾ ಹಾಕ್ತಾರ. ಮಗಳ ಮದುವಿ ಅಂತ ಅರ್ಜಿ ಕೊಟ್ರ ನಿನಗೂ ಬಿಡ್ತಾರ.”

ಅರ್ಜಿ! ಇಷ್ಟು ವರ್ಷ ಮಕ್ಕಳಿಗೆ ರಜೆ ಅರ್ಜಿ ಬರೆಯಲು ಕಲಿಸಿದವನಿಗೆ ಅದು ಹೊಳೆದಿರಲಿಲ್ಲ.

ಮಹಾನಂದಾ ಬೀಗತಿಗೆ ಅರಿಸಿನ ಕುಂಕುಮ ತಂದಳು. ಬೀಗತಿ ಅರಿಸಿನದಲ್ಲಿ ಬೆರಳದ್ದಿ ಗಂಡನ ಮಡಿಲಲ್ಲಿದ್ದ ಕ್ಯಾಲೆಂಡರಿನ ವೈಶಾಖದ ಆ ದಿನದ ಮೇಲೆ ಒತ್ತಿ, “ಇನ್ನ ಇದನ್ನ ಯಾರೂ ಅಳಿಸೂದಿಲ್ಲ. ಏಳ್ರಿ, ಅಂಗಡಿ ತುಂಬತೈತಿ,” ಎಂದರು. ಎಲ್ಲರೂ ಬಸ್ತಾಕ್ಕೆ ಹೊರಟೆವು.

ಮಿತ್ರರೇ, ದೂರದ ಸಂಗತಿಗಳು ನಮ್ಮನ್ನು ಮುಟ್ಟುವುದಿಲ್ಲವೆಂದು ನಾನು ಹೇಳುವುದಿಲ್ಲ. ಎಲ್ಲೋ ಒಂದು ಬಂದರು ಮುಚ್ಚಿದರೆ ಬನಹಟ್ಟಿಯಲ್ಲಿ ನೂಲಿನ ಬೆಲೆ ಏರುತ್ತದೆ, ಓಣಿಯ ಮಗ್ಗಗಳು ದನಿ ತಗ್ಗಿಸುತ್ತವೆ. ಆದರೆ ಹಾಸು ಕೂಡಿಸಲು ಕೂತ ನಮ್ಮ ಅವ್ವ ಮುಂದಿನ ಸೀರೆ ಯಾರ ಮೈಮೇಲೆ ಹರಿದೀತೆಂದು ಎಣಿಸುತ್ತಿರಲಿಲ್ಲ. ಬೆರಳ ತುದಿಗೆ ಬಂದ ಎಳೆಯನ್ನು ಸಡಿಲಾಗದಂತೆ ಹೊಸೆಯುತ್ತಿದ್ದಳು. ನಾನೋ, ಇನ್ನೂ ನೂಲದ ನೂಲಿನಲ್ಲಿ ಗಂಟು ಬಿದ್ದಿದೆಯೆಂದು ಕೈಯಲ್ಲಿದ್ದ ಎಳೆಯನ್ನೇ ಹರಿಯಹೊರಟಿದ್ದೆ.

ಸಂಜೆ ಬಂದು ಹೊಸ ಮೊಳೆ ಹೊಡೆದೆ, ಸ್ವಲ್ಪ ಉದ್ದದ್ದು. ಹಳೆಯ ವರ್ಷಗಳನ್ನೆಲ್ಲ ಮೊದಲಿನಂತೆ ಹಿಂದೆ ತೂಗುಹಾಕಿ, ಅರಿಸಿನದ ಬೆರಳಚ್ಚಿನ ವರ್ಷವನ್ನು ಮುಂದಿಟ್ಟೆ. ಪೆನ್ಸಿಲ್ಲು ಅಲ್ಲೇ ಇದೆ; ಮಹಾನಂದಾ ಅದರಿಂದ ಹಾಲಿನ ಲೆಕ್ಕ ಬರೆಯುತ್ತಾಳೆ. ಮೊನ್ನೆ ಶಾಲೆಯಲ್ಲಿ ಸಹೋದ್ಯೋಗಿಯೊಬ್ಬರು, “ಸರ್, ನೀವು ಎಲ್ಲಾ ಗುರುತು ಹಾಕಿರ್ತೀರಿ. ಎಲೆಕ್ಷನ್ ಯಾವಾಗಂತ್ರಿ?” ಎಂದು ಕೇಳಿದರು.

“ಇನ್ನೂ ಗೊತ್ತಿಲ್ರಿ,” ಎಂದೆ. “ನಮ್ಮ ದಾನವ್ವನ ಮದುವಿಕ್ಕಿಂತ ಮುಂಚೆ ಇರಬೇಕು, ಇಲ್ಲಾ ಆಮ್ಯಾಲೆ.”