ಬಲತುದಿಯ ಹೆಂಗಸು

ನಾನು ಯಾರನ್ನೂ ಸುಲಭಕ್ಕೆ ನಂಬುವವಳಲ್ಲ. ಹಳೇ ದಾಖಲೆ ಕಾಯುವ ಕೆಲಸವೇ ಅಂಥದ್ದು, ಎಲ್ಲರ ಜೇಬಿನ ಮೇಲೂ ಒಂದು ಕಣ್ಣಿರಬೇಕು. ಅದರಲ್ಲೂ ನಮ್ಮ ಗುಮಾಸ್ತ ಭೂತಗನ್ನಡಿಯ ಮೇಲೆ ನನಗೆ ಮೊದಲಿನಿಂದಲೂ ಗುಮಾನಿ.

ಹಳೇ ಫೋಟೋಗಳಿಗೆ ವಿವರದ ಕಾರ್ಡು ಬರೆಯುವುದು ಅವರ ಕೆಲಸ. ಇಪ್ಪತ್ತಾರು ವರ್ಷದಿಂದ ಅದೇ ಮೂಲೆ, ಅದೇ ಅಲ್ಲಾಡುವ ಕುರ್ಚಿ. ಕೈಯಲ್ಲಿ ಸದಾ ಭೂತಗನ್ನಡಿ, ಹಾಗಾಗಿ ಆ ಹೆಸರು. ಏನು ಕೇಳಿದರೂ ತುಟಿ ಪಿಟಕ್ಕೆನ್ನುವುದಿಲ್ಲ. ಒಂದೊಂದು ಫೋಟೋವನ್ನು ಅರ್ಧ ಗಂಟೆ ನೋಡುತ್ತಾರೆ, ಆಮೇಲೆ ಏನೋ ಗೀಚಿ ಜೇಬಿಗೆ ಹಾಕುತ್ತಾರೆ. ಅಷ್ಟು ಹೊತ್ತು ನೋಡಲು ಅದರಲ್ಲಿ ಏನಿದೆ? ಫೋಟೋದ ಬೆನ್ನ ಮೇಲೆ ಇರುವುದನ್ನಷ್ಟೇ ಕಾರ್ಡಿಗೆ ಇಳಿಸಬೇಕು, ಕಣ್ಣಿಗೆ ಕಂಡದ್ದನ್ನೆಲ್ಲ ಬರೆಯಕೂಡದು. ಆ ನಿಯಮ ಮಾಡಿದವಳು ನಾನೇ.

ಸೋಮವಾರ ಒಬ್ಬ ಟೈಲರಮ್ಮ ಬಂದರು. ಐವತ್ತು ದಾಟಿದ ವಯಸ್ಸು.

"ನಮ್ಮಮ್ಮ ದೊಡ್ಡಾಸ್ಪತ್ರೇಲಿ ಕಸ ಗುಡಿಸ್ತಿದ್ಲು ಮೇಡಂ. ನನ್ನ ಹೆತ್ತ ದಿನಾನೇ ಹೋಗ್ಬಿಟ್ಲು, ನಾನೊಬ್ಳೇ ಮಗಳು. ಒಂದು ಸಲ ಮುಖ ನೋಡ್ಬೇಕು. ಎಡಗೈ ಸೊಟ್ಟ ಇತ್ತಂತೆ, ಅಜ್ಜಿ ಹೇಳ್ತಿದ್ರು. ಅಷ್ಟೇ ಗೊತ್ತು."

ಹುಡುಕಿದೆವು. 'ಆಸ್ಪತ್ರೆ' ಎಂದರೆ ನಾನೂರು ಕಾರ್ಡು, ಎಲ್ಲದರಲ್ಲೂ ಡಾಕ್ಟರು, ಗಣ್ಯರು. 'ಕಸ ಗುಡಿಸುವವರು' ಎಂಬ ಪದಕ್ಕೆ ಒಂದೂ ಇಲ್ಲ. ಮಂಗಳವಾರವೂ ಇಲ್ಲ. ಬುಧವಾರ ಆಕೆ ಕಾರ್ಡಿನ ಡ್ರಾಯರಿನ ಮುಂದೆ ಕೂತೇ ಇದ್ದಾಗ, ಮೂಲೆಯಲ್ಲಿದ್ದ ಭೂತಗನ್ನಡಿ ಜೇಬು ಮುಟ್ಟಿಕೊಂಡು ಎದ್ದು, ಸದ್ದಿಲ್ಲದೆ ಒಳಕೋಣೆಗೆ ನುಸುಳಿದರು.

ಸಿಕ್ಕಿಬಿದ್ದ ಆಸಾಮಿ, ಎಂದುಕೊಂಡೆ. ಈ ಹೆಂಗಸು ಹುಡುಕುತ್ತಿರುವ ಫೋಟೋವನ್ನೇ ಎಲ್ಲೋ ಸಾಗಿಸುತ್ತಿದ್ದಾರೆ! ಹಿಂದೆಯೇ ಹೋದೆ. ಫೋಟೋ ಪೆಟ್ಟಿಗೆ ತೆರೆದಿತ್ತು, ಅವರ ಕೈ ಜೇಬಿನಲ್ಲಿತ್ತು. ಪಿತ್ತ ನೆತ್ತಿಗೇರಿತು.

"ಜೇಬು ಖಾಲಿ ಮಾಡ್ರಿ!"

ಒಂದು ಚೀಟಿ ತೆಗೆದುಕೊಟ್ಟರು. ಪೆನ್ಸಿಲ್ಲಿನ ಅಕ್ಷರ: 'ಆಸ್ಪತ್ರೆ ಉದ್ಘಾಟನೆ. ಬಲತುದಿಯಲ್ಲಿ ಪೊರಕೆ ಹಿಡಿದ ಹೆಂಗಸು. ಎಡಗೈ ಸೊಟ್ಟ. ತುಂಬು ಬಸುರಿ.'

"ಏನ್ರೀ ಇದು?"

"ಬೆನ್ನ ಮೇಲೆ ಹೆಸರಿಲ್ಲ ಮೇಡಂ, ಆದ್ರೆ ಫೋಟೋದಲ್ಲಿ ಇದಾರಲ್ಲ. ಕಾರ್ಡಲ್ಲಿ ಬರೆದಿದ್ದಕ್ಕೆ ಒಂದ್ಸಲ ಮೆಮೋ ಕೊಟ್ರಿ. ಅದಕ್ಕೇ ಚೀಟೀಲಿ ಬರೆದು ಮನೇಲಿಟ್ಟಿದೀನಿ, ಎರಡು ಡಬ್ಬಿ ತುಂಬಿವೆ. ಸೋಮವಾರ ಆಯಮ್ಮ ಸೊಟ್ಟ ಕೈ ಅಂದ್ರು. ಹುಡುಕಿ ಇವತ್ತು ತಂದೆ. ನಿಮಗೆ ಹೇಳೋಕೆ ಭಯ ಆಯ್ತು."

ನನಗೆ ನಾಚಿಕೆಯಾಯಿತು. ಮೂರು ದಿನ ಆ ತಾಯಿಯನ್ನು ಬಚ್ಚಿಟ್ಟವಳು ನಾನು, ಕಳ್ಳ ಅಂದುಕೊಂಡಿದ್ದು ಇವರನ್ನು.

ಪೆಟ್ಟಿಗೆಯಿಂದ ಆ ಫೋಟೋ ತೆಗೆದು ಹೊರಗಿನ ಮೇಜಿನ ಮೇಲಿಟ್ಟು, ಭೂತಗನ್ನಡಿಯನ್ನು ಅವರೇ ಟೈಲರಮ್ಮನ ಕೈಗೆ ಕೊಟ್ಟರು. ಆಕೆ ಬಹಳ ಹೊತ್ತು ನೋಡಿದರು.

"ಅಯ್ಯೋ, ಅಮ್ಮ ಇಷ್ಟು ಚಿಕ್ಕೋಳಾ? ನನ್ನ ಮಗಳಿಗಿಂತ ಚಿಕ್ಕೋಳು!" ಎಂದು ಅಳುತ್ತಲೇ ನಕ್ಕರು. ಆಮೇಲೆ ಬೆರಳನ್ನು ಆ ಹೊಟ್ಟೆಯ ಹತ್ತಿರ ತಂದು, ಮುಟ್ಟದೆ ನಿಲ್ಲಿಸಿದರು. "ಇಲ್ಲಿರೋದು ನಾನು."

ಭೂತಗನ್ನಡಿ ಹಳೇ ಕಾರ್ಡು ತೆಗೆದರು. 'ಚಿತ್ರದಲ್ಲಿರುವವರು: ಆರು' ಎಂದಿತ್ತು. ಪೆನ್ನು ಹಿಡಿದು ನನ್ನ ಮುಖ ನೋಡಿದರು.

"ಏಳು ಅಂತ ತಿದ್ದಲಾ ಮೇಡಂ?"

"ಎಂಟು ಅಂತ ತಿದ್ದಿ," ಎಂದೆ.